ಗೋಣಿಚೀಲದಲ್ಲಿ ಹೊರಟಿದ್ದ ಗುಲಾಬಿ ಕಾಗದ

ಹಿರಿಯರು ಬಾಳಿ ಬದುಕಿದ ಮನೆಯನ್ನು ಖಾಲಿ ಮಾಡುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಸವಣೂರಿನಲ್ಲಿ ನಮ್ಮ ನಾನಿ ತೀರಿಕೊಂಡ ಮೇಲೆ ಅವರ ಹೆಂಚಿನ ಮನೆಯನ್ನು ಕೆಡವಿ ಹೊಸ ಮನೆ ಕಟ್ಟಿಸಬೇಕೆಂದು ಮಾಮೂಗಳು ತೀರ್ಮಾನಿಸಿದರು. ತಾಮ್ರದ ಹಂಡೆ, ದೇಗ್ಚಿಗಳೆಲ್ಲ ಯಾರ್‍ಯಾರಿಗೆ ಎಂದು ಹಂಚಿಕೆಯಾದವು. ಸವಣೂರಿನ ಎಲೆಯ ಘಮ ಇನ್ನೂ ಅಂಟಿಕೊಂಡಿದ್ದ ಪಾನ್‌ದಾನ್ ನಮ್ಮ ಅಮ್ಮಿಯ ಪಾಲಿಗೆ ಬಂತು. ಕೊನೆಗೆ ಉಳಿದದ್ದು ನಾನಿಯ ಮಂಚದ ಕೆಳಗಿನ ತಗಡಿನ ಟ್ರಂಕು. ಅದರ ತುಂಬ ಬರೀ ಕಾಗದ.

"ಇದನ್ನು ಯಾರು ಓದಬೇಕು? ಎಲ್ಲಾ ಉರ್ದು. ಅಲ್ಲಾಹನ ಹೆಸರೂ ಇರುತ್ತದೆ, ಕಸಕ್ಕೆ ಹಾಕುವ ಹಾಗಿಲ್ಲ. ವರದಾ ನದಿಗೆ ಬಿಟ್ಟು ಬರುತ್ತೇನೆ" ಎಂದರು ದೊಡ್ಡ ಮಾಮೂ. ಅವರು ತಪ್ಪು ಮಾತಾಡಿದರೆಂದು ನಾನು ಹೇಳಲಾರೆ. ಪವಿತ್ರ ಅಕ್ಷರಗಳಿರುವ ಕಾಗದ ಕಾಲಿಗೆ ಸಿಕ್ಕಬಾರದೆಂದು ಹರಿಯುವ ನೀರಿಗೆ ಬಿಡುವುದು, ಇಲ್ಲವೇ ಯಾರೂ ತುಳಿಯದ ಕಡೆ ಹೂಳುವುದು ನಮ್ಮ ಮನೆಗಳಲ್ಲಿ ನಡೆದು ಬಂದ ರೀತಿ. ನಾನು ಹೋಗುವ ಹೊತ್ತಿಗೆ ಒಂದು ಗೋಣಿಚೀಲ ಹಿಂದಿನ ದಿನವೇ ನದಿ ಸೇರಿತ್ತು. ಎರಡನೆಯದು ಬಾಯಿ ಕಟ್ಟಿಸಿಕೊಂಡು ಬಾಗಿಲ ಬಳಿ ಕುಳಿತಿತ್ತು. ಸುಮ್ಮನೆ ಕುತೂಹಲಕ್ಕೆ ಆ ಚೀಲದ ಬಾಯಿ ಬಿಚ್ಚಿದೆ. ಮೇಲೆಯೇ ಗುಲಾಬಿ ಬಣ್ಣದ ಒಂದು ಕಾಗದ ಇತ್ತು. ಸುತ್ತಲೂ ಹೂಬಳ್ಳಿಯ ಅಂಚು, ಮೇಲಿನ ಎರಡು ಮೂಲೆಗಳಲ್ಲಿ ಒಂದೊಂದು ನವಿಲು, ನಡುವೆ ಅರ್ಧಚಂದ್ರ. ಅದರ ಕೆಳಗೆ ಎರಡು ಸಾಲಾಗಿ ಪದ್ಯ.

ಪ್ರಿಯ ಸಹೋದರಿಯರೇ, ನಿಮ್ಮಲ್ಲಿ ನಲವತ್ತು ದಾಟಿದವರಿಗೆ ಇದು ಏನೆಂದು ಕೂಡಲೇ ಗೊತ್ತಾಗುತ್ತದೆ. ನಮ್ಮ ಮದುವೆಗಳಲ್ಲಿ ಹಂಚುತ್ತಿದ್ದ ಸೆಹ್ರಾ ಇದು. ವರನ ಹಣೆಗೆ ಕಟ್ಟುವ ಹೂವಿನ ಮುಸುಕಿಗೂ ಸೆಹ್ರಾ ಎನ್ನುತ್ತಾರೆ, ಆ ಸಂದರ್ಭಕ್ಕೆ ಬರೆದು ಓದುವ ಪದ್ಯಕ್ಕೂ ಸೆಹ್ರಾ ಎಂದೇ ಹೆಸರು. ಹೂವಿನ ಸೆಹ್ರಾ ದೇಶದ ರೂಢಿಯೇ ಹೊರತು ನಿಕಾಹ್‌ನ ಭಾಗವಲ್ಲ. ಈಗ ಅನೇಕ ಮನೆಗಳಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಪದ್ಯದ ಸೆಹ್ರಾ ಬೇರೆಯೇ ಮಾತು. ವರನ ಸ್ನೇಹಿತರೋ ಬಂಧುಗಳೋ ಊರಿನ ಶಾಯರ್ ಒಬ್ಬರಿಂದ ಬರೆಸಿ, ಬಣ್ಣದ ಕಾಗದದ ಮೇಲೆ ಅಚ್ಚು ಹಾಕಿಸಿ, ನಿಕಾಹ್ ಮುಗಿದ ಮೇಲೆ ಓದಿ ಎಲ್ಲರಿಗೂ ಹಂಚುತ್ತಿದ್ದರು. ಕೈಯಲ್ಲಿ ನಾಲ್ಕು ಕಾಸು ಹೆಚ್ಚಿದ್ದವರು ಒಂದೆರಡು ಪ್ರತಿಗಳನ್ನು ಸ್ಯಾಟಿನ್ ಬಟ್ಟೆಯ ಮೇಲೂ ಅಚ್ಚು ಹಾಕಿಸಿ ಗಾಜಿನ ಕಟ್ಟು ಹಾಕಿಸುತ್ತಿದ್ದರು. ಹೆಣ್ಣನ್ನು ಒಪ್ಪಿಸಿಕೊಡುವ ಹೊತ್ತಿಗೆ ಹೆಣ್ಣಿನ ಕಡೆಯಿಂದ ಓದುವ ಪದ್ಯಕ್ಕೆ ರುಖ್ಸತಿ ಎಂದು ಹೆಸರು. ಸೆಹ್ರಾ ನಗಿಸುತ್ತಿತ್ತು, ರುಖ್ಸತಿ ಅಳಿಸುತ್ತಿತ್ತು.

ಈ ಪದ್ಧತಿಗೆ ದೊಡ್ಡ ಚರಿತ್ರೆಯೇ ಇದೆ. 1852ರಲ್ಲಿ ದಿಲ್ಲಿಯ ಕೊನೆಯ ಬಾದಶಹ ಬಹದ್ದೂರ್ ಶಾ ಝಫರ್ ಅವರ ಮಗ ಜವಾನ್ ಬಖ್ತ್ ಮದುವೆಗೆ ಮಿರ್ಝಾ ಗಾಲಿಬ್ ಒಂದು ಸೆಹ್ರಾ ಬರೆದರು. ಅದರ ಕೊನೆಯ ದ್ವಿಪದಿಯಲ್ಲಿ, ಇದಕ್ಕಿಂತ ಚೆನ್ನಾಗಿ ಬರೆಯುವವರು ಯಾರಿದ್ದಾರೆ ಎಂಬ ಧಾಟಿಯ ಮಾತಿತ್ತು. ಬಾದಶಹರ ಗುರುವಾಗಿದ್ದ ಝೌಖ್ ಅವರಿಗೆ ಅದು ನಾಟಿತು. ಅವರೂ ಒಂದು ಸೆಹ್ರಾ ಬರೆದು ಉತ್ತರ ಕೊಟ್ಟರು. ಕೊನೆಗೆ ಗಾಲಿಬರು ಪದ್ಯದಲ್ಲೇ ಕ್ಷಮೆ ಕೇಳುವಂತಾಯಿತು. ಅರಮನೆಯ ಆ ಜಗಳದ ಪದ್ಯಗಳು ಪುಸ್ತಕಗಳಲ್ಲಿ ಉಳಿದಿವೆ. ನಮ್ಮ ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರಿನ ಮನೆಗಳ ಸೆಹ್ರಾಗಳು ಯಾವ ಪುಸ್ತಕದಲ್ಲೂ ಇಲ್ಲ. ಅವು ಟ್ರಂಕಿನ ತಳದಲ್ಲಿವೆ, ಇಲ್ಲವೇ ನದಿಯಲ್ಲಿವೆ.

ನನ್ನ ಕೈಗೆ ಸಿಕ್ಕ ಗುಲಾಬಿ ಕಾಗದದ ಅಡಿಯಲ್ಲಿ ಸಣ್ಣಗೆ ಎರಡು ಗೆರೆಗಳಿದ್ದವು. ನನಗೆ ಉರ್ದು ಅಕ್ಷರ ಬರುವುದು ಅಷ್ಟಕ್ಕಷ್ಟೇ. ಮನೆಯಲ್ಲಿ ಮಾತಾಡುವುದು ದಖ್ಖನಿ, ಶಾಲೆಯಲ್ಲಿ ಓದಿದ್ದು ಕನ್ನಡ. ಖುರ್‌ಆನ್ ಓದಲು ಕಲಿತ ಅಕ್ಷರಜ್ಞಾನದಿಂದ ಬಿಡಿಸಿ ಬಿಡಿಸಿ ಓದಿದಾಗ ಹುಬ್ಬಳ್ಳಿ ಎಂಬ ಊರಿನ ಹೆಸರು ಮತ್ತು ಶವ್ವಾಲ್ 1376 ಎಂಬ ಹಿಜರಿ ತಾರೀಖು ಸಿಕ್ಕಿತು. ಲೆಕ್ಕ ಹಾಕಿದರೆ 1957ರ ಮೇ ತಿಂಗಳು. ಪದ್ಯ ಮಾತ್ರ ಒಂದು ಸಾಲೂ ಪೂರ್ತಿ ಬಿಡಿಸಲಾಗಲಿಲ್ಲ. ಅಮ್ಮಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಯಾರ ಮದುವೆಯದೋ ಏನೋ, ನಾನಿನ್ನೂ ಹುಟ್ಟಿರಲಿಲ್ಲ" ಎಂದರು. ನಾನು ಮಾಮೂಗೆ ಹೇಳಿ ಆ ಚೀಲವನ್ನು ನನ್ನ ಜೊತೆ ಹಾನಗಲ್ಲಿಗೆ ತಂದೆ. ನನ್ನ ಗಂಡನ ಮನೆ ಅಲ್ಲಿದೆ.

ಚೀಲದಲ್ಲಿ ಒಟ್ಟು ನಲವತ್ತೊಂದು ಕಾಗದಗಳಿದ್ದವು. ಹಸಿರು, ಹಳದಿ, ಗುಲಾಬಿ, ತಿಳಿನೀಲಿ. ಕೆಲವಕ್ಕೆ ಬಂಗಾರದ ಬಣ್ಣದ ಅಕ್ಷರ. ಅವುಗಳ ಅಚ್ಚಿನ ರೀತಿಯೂ ಬೇರೆ ಬೇರೆ. ಹಳೆಯವು ಕಲ್ಲಚ್ಚಿನವು. ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ 1796ರ ಹೊತ್ತಿಗೆ ಕಂಡುಹಿಡಿದ ವಿಧಾನ ಇದು. ಕಾತಿಬ್ ಎಂದರೆ ಕೈಬರಹದ ಕಲೆಗಾರ, ಎಣ್ಣೆಯಂಶದ ಶಾಯಿಯಿಂದ ವಿಶೇಷ ಕಾಗದದ ಮೇಲೆ ಪದ್ಯ ಬರೆದು ಹೂಬಳ್ಳಿಯನ್ನೂ ತಾನೇ ಬಿಡಿಸುತ್ತಿದ್ದ. ಅದನ್ನು ನಯವಾದ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಒತ್ತಿ ಇಳಿಸುತ್ತಿದ್ದರು. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮಸಿ ಉರುಳಿಸಿದರೆ ಬರಹ ಇರುವಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಎಣ್ಣೆ ಮತ್ತು ನೀರು ಕೂಡುವುದಿಲ್ಲ ಎಂದು ಅಡುಗೆಮನೆಯಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ! ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಆರಂಭವಾದಾಗ ಅದೂ ಕಲ್ಲಚ್ಚಿನಲ್ಲೇ ಮುದ್ರಣವಾಗಿತ್ತು.

ಕನ್ನಡ ಬೇಗನೆ ಸೀಸದ ಮೊಳೆಗಳಿಗೆ ಹೋಯಿತು. ಉರ್ದು ಮಾತ್ರ ಬಹಳ ಕಾಲ ಕಲ್ಲಚ್ಚನ್ನು ಬಿಡಲಿಲ್ಲ. ಉರ್ದುವಿನ ನಸ್ತಾಲೀಖ್ ಬರಹದಲ್ಲಿ ಅಕ್ಷರಗಳು ಒಂದರ ಹೆಗಲ ಮೇಲೊಂದು ಕೈಯಿಟ್ಟುಕೊಂಡು ಓರೆಯಾಗಿ ಇಳಿಯುತ್ತವೆ. ಅವನ್ನು ಬಿಡಿಬಿಡಿ ಮೊಳೆಗಳಲ್ಲಿ ಕೂಡಿಸಿದರೆ ಅಂದ ಕೆಡುತ್ತದೆ. ಆದ್ದರಿಂದ 1980ರ ದಶಕದಲ್ಲಿ ಈ ಬರಹ ಕಂಪ್ಯೂಟರಿಗೆ ಬರುವ ತನಕ ಉರ್ದು ಪುಸ್ತಕ, ಪತ್ರಿಕೆಗಳಿಗೆಲ್ಲ ಕಾತಿಬರ ಕೈಯೇ ಆಧಾರವಾಗಿತ್ತು. 1927ರಲ್ಲಿ ಆರಂಭವಾದ ಚೆನ್ನೈನ 'ಮುಸಲ್ಮಾನ್' ದಿನಪತ್ರಿಕೆಯನ್ನು ದಶಕಗಳ ಕಾಲ ಕಾತಿಬರು ಪ್ರತಿದಿನ ಕೈಯಿಂದಲೇ ಬರೆದು ಅಚ್ಚಿಗೆ ಕೊಡುತ್ತಿದ್ದರು. ಹಾಗಾಗಿ ಒಂದು ಹಳೆಯ ಸೆಹ್ರಾ ಎಂದರೆ ಬರೀ ಅಚ್ಚಿನ ಕಾಗದವಲ್ಲ. ಒಬ್ಬ ಮನುಷ್ಯ ಕುಳಿತು, ಉಸಿರು ಹಿಡಿದು ಬರೆದ ಕೈಬರಹ ಅದು.

ಬಂಗಾರದ ಅಕ್ಷರಗಳ ಗುಟ್ಟನ್ನು ನನಗೆ ಹೇಳಿದವರು ಶಿಗ್ಗಾಂವಿಯಲ್ಲಿ ಹಿಂದೆ ಪ್ರೆಸ್ ನಡೆಸುತ್ತಿದ್ದ ಒಬ್ಬ ಹಿರಿಯರು. ಅಂಟಿನಂಥ ಶಾಯಿಯಿಂದ ಅಚ್ಚು ಹಾಕಿ, ಅದು ಹಸಿಯಿರುವಾಗಲೇ ಮೇಲೆ ಕಂಚಿನ ಪುಡಿ ಉದುರಿಸಿ, ಒಣಗಿದ ಮೇಲೆ ಹತ್ತಿಯಿಂದ ಒರೆಸಿದರೆ ಅಕ್ಷರ ಬಂಗಾರವಾಗುತ್ತಿತ್ತಂತೆ. "ಸೆಹ್ರಾದ ಸೀಜನ್ ಬಂತಂದ್ರ ಮೈಯೆಲ್ಲಾ ಬಂಗಾರ ರೀ ಅಕ್ಕಾರ. ಮನಿಗೆ ಹೋದ್ರ ಹುಡುಗ್ರು ನಗತಿದ್ರು" ಎಂದು ಅವರೇ ನಕ್ಕರು. ಆ ಮೊಳೆಗಳು, ನವಿಲಿನ ಬ್ಲಾಕುಗಳು ಈಗಲೂ ಇವೆಯೇ ಎಂದು ಕೇಳಿದೆ. "ಟ್ರೆಡಲ್ ಮಷಿನ್ ಗುಜರಿಗೆ ಹೋತು. ಮೊಳಿ ಎಲ್ಲಾ ಸೀಸದ ಲೆಕ್ಕದಾಗ ತೂಕಕ್ಕ ಹಾಕಿ ಕೊಟ್ವಿ" ಎಂದರು. ಅವರ ನಗು ಅಲ್ಲಿಗೆ ನಿಂತಿತು.

ಅವರೇ ನನ್ನನ್ನು ಅದೇ ಊರಿನ ಒಬ್ಬ ಉಸ್ತಾದರ ಮನೆಗೆ ಕಳಿಸಿದರು. ಎಂಬತ್ತು ದಾಟಿದವರು, ಉರ್ದು ಶಾಲೆಯಲ್ಲಿ ಮಾಸ್ತರಾಗಿ ನಿವೃತ್ತರಾದವರು. ನಾನು ಗುಲಾಬಿ ಕಾಗದವನ್ನು ಅವರ ಮುಂದೆ ಬಿಚ್ಚಿಟ್ಟೆ. ಅವರು ಮೊದಲು ಅದನ್ನು ಬೆಳಕಿಗೆ ಹಿಡಿದರು. ಆಮೇಲೆ ಓದದೆ ಸುಮ್ಮನೆ ನೋಡುತ್ತಾ ಕುಳಿತರು.

"ಬೇಟಿ, ಇದು ಸೆಹ್ರಾ ಅಲ್ಲ. ರುಖ್ಸತಿ. ಅಣ್ಣ ತಂಗಿಗೆ ಬರೆದದ್ದು" ಎಂದರು.

ಪದ್ಯದ ಮೇಲೆ ವಧುವಿನ ಹೆಸರಿರಲಿಲ್ಲ. ಇಂಥವರ ಮಗಳು, ಇಂಥವರ ತಂಗಿ ಎಂದಷ್ಟೇ ಇತ್ತು. ಆ ಕಾಲದ ಕಾಗದಗಳಲ್ಲಿ ಹೀಗೆಯೇ. ನನ್ನ ಬಳಿಯಿರುವ ನಲವತ್ತೊಂದು ಕಾಗದಗಳಲ್ಲಿ ಮೂವತ್ತಕ್ಕೂ ಹೆಚ್ಚು ಕಾಗದಗಳಲ್ಲಿ ಹೆಣ್ಣಿನ ಹೆಸರೇ ಇಲ್ಲ. ಆದರೆ ಉಸ್ತಾದರು ಬೆರಳಿಟ್ಟು ತೋರಿಸಿದರು. ಮೊದಲ ಐದು ದ್ವಿಪದಿಗಳ ಆರಂಭದ ಅಕ್ಷರದ ಸುತ್ತ ಕಾತಿಬ್ ಒಂದೊಂದು ಪುಟ್ಟ ಹೂ ಬಿಡಿಸಿದ್ದ. ನಾವದನ್ನು ಅಲಂಕಾರ ಎಂದುಕೊಂಡಿದ್ದೆವು. "ಈ ಐದು ಅಕ್ಷರ ಮೇಲಿಂದ ಕೆಳಕ್ಕೆ ಕೂಡಿಸಿ ಓದು" ಎಂದರು. ಕೂಡಿಸಿದೆ. ಒಂದು ಹುಡುಗಿಯ ಹೆಸರು ಬಂತು.

ಆ ಹೆಸರನ್ನು ಹಿಡಿದುಕೊಂಡು ಸವಣೂರಿಗೆ ಫೋನ್ ಮಾಡಿದೆ. ಅಮ್ಮಿ ಬಹಳ ಹೊತ್ತು ಮಾತಾಡಲಿಲ್ಲ. ನಾನಿಗೆ ಒಬ್ಬಳು ತಂಗಿಯಿದ್ದಳು. ಮದುವೆಯಾಗಿ ಎರಡು ವರ್ಷಕ್ಕೆ ಚೊಚ್ಚಲ ಹೆರಿಗೆಯಲ್ಲಿ ತಾಯಿ, ಮಗು ಇಬ್ಬರೂ ಹೋದರು. ಫೋಟೋ ತೆಗೆಸುವ ರೂಢಿ ಆ ಮನೆಯಲ್ಲಿರಲಿಲ್ಲ. ನಾನಿ ಯಾವಾಗಲೂ 'ಚೋಟಿ' ಎಂದೇ ಅವಳ ಮಾತೆತ್ತುತ್ತಿದ್ದರು. ಹಾಗಾಗಿ ಅಮ್ಮಿಗೂ ಮಾಮೂಗಳಿಗೂ ಅವಳು ಚೋಟಿ ಖಾಲಾ. ಅವಳ ನಿಜವಾದ ಹೆಸರು ನಮ್ಮ ಮನೆಯಲ್ಲಿ ಬದುಕಿರುವ ಯಾರಿಗೂ ಗೊತ್ತಿರಲಿಲ್ಲ. ಹೆಸರನ್ನು ಬಹಿರಂಗವಾಗಿ ಅಚ್ಚು ಹಾಕಿಸಲು ಆ ಕಾಲದ ಮರ್ಯಾದೆ ಒಪ್ಪುತ್ತಿರಲಿಲ್ಲ. ತಂಗಿಯ ಹೆಸರಿಲ್ಲದ ಪದ್ಯ ಬರೆಯಲು ಆ ಅಣ್ಣನ ಮನಸ್ಸು ಒಪ್ಪಲಿಲ್ಲ. ಐದು ಹೂಗಳೊಳಗೆ ಅಡಗಿಸಿಟ್ಟ. ಅಕ್ಕ ಆ ಕಾಗದವನ್ನು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಮಂಚದ ಕೆಳಗೆ ಕಾದಿಟ್ಟರು. ನಾವು ಅದನ್ನು ನದಿಗೆ ಬಿಡಲು ಹೊರಟಿದ್ದೆವು.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಮನೆಯವರ ಹೆಸರು. ಈಗ ಮನೆಯವರೆಲ್ಲರಿಗೂ ಗೊತ್ತಾಗಿದೆ, ಅಷ್ಟು ಸಾಕು. ದೊಡ್ಡ ಮಾಮೂ ಮಾತ್ರ ಇಂದಿಗೂ ಆಗಾಗ ಕೇಳುತ್ತಾರೆ: "ಮೊದಲನೆಯ ಚೀಲದಲ್ಲಿ ಏನಿತ್ತೋ?"

ಅಕ್ಷರಗಳಲ್ಲಿ ಹೀಗೆ ಮಾತು ಅಡಗಿಸುವುದು ಶಾಯರ್‌ಗಳಿಗೆ ಪ್ರೀತಿಯ ಆಟ. ಉಸ್ತಾದರು ಇನ್ನೊಂದು ಆಟವನ್ನೂ ಹೇಳಿಕೊಟ್ಟರು. ಅಬ್ಜದ್ ಲೆಕ್ಕದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಅಂಕಿಯಿದೆ. 'ಸೆಹ್ರಾ' ಪದದಲ್ಲಿ ಸೀನ್ 60, ಹೇ 5, ರೇ 200, ಅಲಿಫ್ 1. ಕೂಡಿಸಿದರೆ 266. 'ಈದ್' ಪದಕ್ಕೆ 84, 'ಮುಬಾರಕ್' ಪದಕ್ಕೆ 263, ಎರಡೂ ಸೇರಿ 347. ಪದ್ಯದ ಕೊನೆಯ ಸಾಲಿನ ಅಕ್ಷರಗಳೆಲ್ಲ ಕೂಡಿದರೆ ಮದುವೆಯ ಹಿಜರಿ ವರ್ಷವೇ ಬರುವಂತೆ ಬರೆಯುವ ಜಾಣರಿದ್ದರು. ಅದಕ್ಕೆ ತಾರೀಖ್ ಹೇಳುವುದು ಎನ್ನುತ್ತಾರೆ. ಲಗ್ನಪತ್ರಿಕೆಗಳ ಮೇಲೆ ನಾವು ಕಾಣುವ 786 ಕೂಡ ಬಿಸ್ಮಿಲ್ಲಾಹ್‌ನ ಅಕ್ಷರಗಳನ್ನು ಹೀಗೆ ಕೂಡಿಸಿ ಬಂದ ಅಂಕಿ. ಪತ್ರಿಕೆ ಕಸಕ್ಕೆ ಹೋದರೂ ಪವಿತ್ರ ವಾಕ್ಯಕ್ಕೆ ಅಗೌರವವಾಗದಿರಲಿ ಎಂದು ಅಂಕಿ ಹಾಕುತ್ತಾರೆ. ಅಂಕಿಯು ವಾಕ್ಯಕ್ಕೆ ಸಮನೇ ಎಂಬ ಬಗ್ಗೆ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಆದರೆ ಕಾಗದ ಎಲ್ಲೆಲ್ಲಿ ಬೀಳುತ್ತದೋ ಎಂಬ ಚಿಂತೆ ನಮ್ಮ ಹಿರಿಯರಿಗಿತ್ತು ಎನ್ನುವುದಂತೂ ಇದರಿಂದ ತಿಳಿಯುತ್ತದೆ.

ಉರ್ದು ಕಾಗದಗಳಷ್ಟೇ ಕಾದಿಡುವಂಥವು ಎಂದು ನಾನು ಹೇಳುತ್ತಿಲ್ಲ. ಈ ವಿಷಯ ಮಾತಿಗೆ ಬಂದಾಗ ಹಾನಗಲ್ಲಿನಲ್ಲಿ ನನ್ನ ಗಂಡನ ಫುಪ್ಪಿ ಎದ್ದು ಹೋಗಿ ಒಂದು ಬಿಸ್ಕತ್ ಡಬ್ಬಿ ತಂದರು. ಅವರು ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವರು. ಡಬ್ಬಿಯ ತುಂಬ ಶುಭಾಶಯದ ಕಾರ್ಡುಗಳು. ಅರ್ಧ ಈದ್‌ನವು, ಅರ್ಧ ಸಂಕ್ರಾಂತಿಯವು. ನಮ್ಮ ಈ ಕಡೆ ಸಂಕ್ರಾಂತಿಗೆ ಕುಸುರೆಳ್ಳಿನ ಜೊತೆ ಕಾರ್ಡು ಕಳಿಸುವ ರೂಢಿ ಜೋರಾಗಿತ್ತು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡೋಣ ಎಂದು ಜೊತೆಯ ಟೀಚರ್‌ಗಳು ಫುಪ್ಪಿಗೆ ಕಳಿಸಿದ ಕಾರ್ಡುಗಳಿಗೆ ಅವರು ರಮಝಾನ್ ಈದ್‌ಗೆ ಕಾರ್ಡಿನಿಂದಲೇ ಉತ್ತರ ಕೊಡುತ್ತಿದ್ದರಂತೆ. ಅಂಗಡಿಯ ಕಾರ್ಡುಗಳ ನಡುವೆ ಮಕ್ಕಳೇ ಬರೆದವೂ ಇದ್ದವು. ಒಂದರಲ್ಲಿ ಟೋಪಿ ಹಾಕಿಕೊಂಡ ಒಂದು ಆಡು ಕೈಯಲ್ಲಿ ಶೀರ್‌ಖುರ್ಮಾದ ಬಟ್ಟಲು ಹಿಡಿದು ನಿಂತಿದೆ. ಕೆಳಗೆ ನಾಲ್ಕು ಸಾಲಿನ ಪ್ರಾಸಬದ್ಧ ಪದ್ಯ. ರಮಝಾನ್ ಈದ್ ಚೆನ್ನಾಗಿತ್ತು, ಇನ್ನೊಂದು ಈದನ್ನು ಈ ವರ್ಷ ಮುಂದಕ್ಕೆ ಹಾಕಲು ಆಗುತ್ತದೆಯೇ ಎಂದು ಆಡು ಟೀಚರ್‌ಗೆ ಅರ್ಜಿ ಹಾಕಿಕೊಂಡಿದೆ! ಬರೆದ ಹುಡುಗ ಈಗ ಬ್ಯಾಂಕಿನಲ್ಲಿ ಅಧಿಕಾರಿ. ಅವನ ಮದುವೆಗೆ ಹೋದಾಗ ಫುಪ್ಪಿ ಆ ಕಾರ್ಡನ್ನು ತೋರಿಸಿ ಅವನ ಹೆಂಡತಿಯನ್ನು ನಗಿಸಿ ಬಂದರಂತೆ.

"ಇಷ್ಟು ದಿನ ಯಾಕೆ ಇಟ್ಟುಕೊಂಡಿರಿ?" ಎಂದು ಕೇಳಿದೆ. "ಎಸೆಯಲು ಕೈ ಬರಲಿಲ್ಲ" ಎಂದರು. ಜಗತ್ತಿನ ಎಲ್ಲ ಸಂಗ್ರಹಗಳ ಮೂಲವೂ ಇದೇ ಇರಬೇಕು. ಒಂದು ದಿನಕ್ಕಷ್ಟೇ ಎಂದು ಅಚ್ಚಾಗುವ ಕರಪತ್ರ, ಟಿಕೆಟ್, ಶುಭಾಶಯ ಪತ್ರಗಳನ್ನು ಸಂಗ್ರಹಿಸಿ ಅಭ್ಯಾಸ ಮಾಡುವವರು ಬೇರೆ ದೇಶಗಳಲ್ಲೂ ಇದ್ದಾರೆ. ಇಂಗ್ಲೆಂಡಿನಲ್ಲಿ ಅದಕ್ಕಾಗಿಯೇ 1975ರಲ್ಲಿ ಒಂದು ಸಂಘ ಹುಟ್ಟಿತು. ರೀಡಿಂಗ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಒಂದು ಅಧ್ಯಯನ ಕೇಂದ್ರವನ್ನೇ ತೆರೆದರು. ನಮ್ಮಲ್ಲಿ ಆ ಕೆಲಸವನ್ನು ಯಾವ ಸಂಘವೂ ಇಲ್ಲದೆ ನಾನಿ, ದಾದಿ, ಫುಪ್ಪಿಯರು ಮಾಡಿದ್ದಾರೆ.

ಕಾವ್ಯವನ್ನು ಮನೆಯ ಹೆಂಗಸರು ಕಾಪಾಡಿದ್ದು ಇದೇ ಮೊದಲಲ್ಲ. ಬಿಜಾಪುರದ ಸೂಫಿಗಳು ದಖ್ಖನಿಯಲ್ಲಿ ಚಕ್ಕಿನಾಮಾ, ಚರ್ಖಾನಾಮಾಗಳೆಂಬ ಹಾಡುಗಳನ್ನು ಕಟ್ಟಿದ್ದರು. ಬೀಸುಕಲ್ಲಿನ ಮುಂದೆ, ರಾಟೆಯ ಮುಂದೆ ಕುಳಿತ ಹೆಂಗಸರು ಅವನ್ನು ಹಾಡಿಕೊಂಡು ತಲೆಮಾರುಗಳಿಗೆ ದಾಟಿಸಿದರು. ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟವಾದ ಬಿಜಾಪುರದ ಸೂಫಿಗಳ ಕುರಿತ ಪುಸ್ತಕದಲ್ಲಿ ಈ ಹಾಡುಗಳಿಗೆ ದೊಡ್ಡ ಸ್ಥಾನ ಕೊಟ್ಟಿದ್ದಾರೆ. ಕನ್ನಡದ ಬೀಸುವ ಪದಗಳ ಕಥೆಯೂ ಇದೇ ಅಲ್ಲವೇ?

ನಮ್ಮ ನೆಲದ ಇಬ್ಬರು ದೊಡ್ಡ ಕವಿಗಳನ್ನೇ ನೋಡಿ. ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದ ಶರೀಫರು (1819-1889) ಹಾಡಿದ್ದನ್ನು ಕೇಳಿದವರು ಬಾಯಿಪಾಠ ಮಾಡಿಕೊಂಡರು, ವಹಿಗಳಲ್ಲಿ ಬರೆದಿಟ್ಟುಕೊಂಡರು. ಇಂದು ನಾಡೆಲ್ಲ ಕೇಳುವ ಆ ಹಾಡುಗಳು ನಮಗೆ ಸಿಕ್ಕಿದ್ದು ಹಾಗೆ. ಹಿರೇಕೆರೂರು ಸೀಮೆಯವನೆಂದು ಹೇಳುವ ಸರ್ವಜ್ಞನ ತ್ರಿಪದಿಗಳೂ ಜನರ ಬಾಯಲ್ಲಿ, ಓಲೆಗರಿಗಳಲ್ಲಿ ಚೆದುರಿಹೋಗಿದ್ದವು. ಕ್ರೈಸ್ತ ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರು ವರ್ಷಗಟ್ಟಲೆ ಹುಡುಕಿ ಕೂಡಿಹಾಕಿ 1924ರಲ್ಲಿ ಪುಸ್ತಕವಾಗಿ ತಂದರು. ಮುಸ್ಲಿಮ್ ಮನೆಯಲ್ಲಿ ಹುಟ್ಟಿದ ಶರೀಫರ ಹಾಡನ್ನು ಎಲ್ಲರೂ ಬರೆದಿಟ್ಟುಕೊಂಡರು. ಸರ್ವಜ್ಞನನ್ನು ಪಾದ್ರಿಯೊಬ್ಬರು ಹುಡುಕಿಕೊಟ್ಟರು. ಯಾರದೋ ಮನೆಯಲ್ಲಿ ಯಾರೋ ಒಬ್ಬರು ಕಾದಿಟ್ಟಿದ್ದರಿಂದಲೇ ಇದೆಲ್ಲ ಆಯಿತು.

ಈಗ ಕಾದಿಡುವ ಮಾತಿಗೆ ಬರೋಣ. ಇದರಲ್ಲಿ ನಾನೂ ಒಂದು ದೊಡ್ಡ ತಪ್ಪು ಮಾಡಿದ್ದೇನೆ. ಹಿರೇಕೆರೂರಿನ ನನ್ನ ಗೆಳತಿಯ ಮನೆಯಲ್ಲಿ ಅವಳ ಅಬ್ಬಾ ಅಮ್ಮಿಯ ಮದುವೆಯ ಸೆಹ್ರಾ ಇತ್ತು. ಬಂಗಾರದ ಅಕ್ಷರದ್ದು. ಮಡಿಕೆಗಳಲ್ಲಿ ಹರಿಯತೊಡಗಿತ್ತು. "ಲ್ಯಾಮಿನೇಶನ್ ಮಾಡಿಸಿಬಿಡು, ಶಾಶ್ವತವಾಗಿರುತ್ತದೆ" ಎಂದು ಸಲಹೆ ಕೊಟ್ಟವಳು ನಾನೇ. ಬಿಸಿ ಪ್ಲಾಸ್ಟಿಕ್ ತಾಗಿದ್ದೇ ಕಾಗದ ಕಪ್ಪಾಯಿತು, ಕಂಚಿನ ಪುಡಿಯೆಲ್ಲ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಅಕ್ಷರಗಳು ಕಲಸಿಹೋದವು. ಗೆಳತಿ ನನಗೆ ಒಂದು ಮಾತೂ ಅನ್ನಲಿಲ್ಲ. ಅವಳ ಅಮ್ಮಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ದನ್ನು ಮರೆಯಲಾರೆ. ಲ್ಯಾಮಿನೇಶನ್ ಮಾಡಿದ ಕಾಗದವನ್ನು ಮತ್ತೆ ಮೊದಲಿನಂತೆ ಬಿಡಿಸಲಾಗುವುದಿಲ್ಲ. ಆ ತಪ್ಪಿನ ನಂತರ ತಿಳಿದವರನ್ನು ಕೇಳಿ ಕಲಿತದ್ದನ್ನು ನಿಮಗೆ ಹೇಳುತ್ತೇನೆ.

ಕಡಿಮೆ ಬೆಲೆಯ ಕಾಗದದಲ್ಲಿ ಆಮ್ಲದ ಅಂಶ ಇರುತ್ತದೆ. ಅದು ಒಳಗೊಳಗೇ ಕಾಗದವನ್ನು ಹಳದಿ ಮಾಡಿ ಹಪ್ಪಳದಂತೆ ಮುರಿಯುವಂತೆ ಮಾಡುತ್ತದೆ. ಬೆಳಕು, ಬಿಸಿ, ತೇವ ಇದನ್ನು ಇನ್ನೂ ಬೇಗ ಮಾಡುತ್ತವೆ. ಆದ್ದರಿಂದ ಮೂಲ ಕಾಗದವನ್ನು ಬಿಸಿಲು ಬೀಳುವ ಗೋಡೆಗೆ ನೇತುಹಾಕಬೇಡಿ. ಅದರ ಕಲರ್ ಪ್ರತಿ ತೆಗೆಸಿ ಕಟ್ಟು ಹಾಕಿಸಿ, ಮೂಲವನ್ನು ಒಳಗಿಡಿ. ಮೂಲಕ್ಕೇ ಕಟ್ಟು ಹಾಕಿಸುವುದಾದರೆ ಗಾಜು ಕಾಗದಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚು ಕೊಡಲು ಹೇಳಿ. ತಾಗಿದರೆ ತೇವಕ್ಕೆ ಅಂಟಿಕೊಳ್ಳುತ್ತದೆ.

ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ. ಕೆಲವೇ ವರ್ಷಗಳಲ್ಲಿ ಅದರ ಅಂಟು ಕಂದು ಕಲೆಯಾಗುತ್ತದೆ. ಗುಂಡುಪಿನ್ನು, ಸ್ಟೇಪ್ಲರ್ ಪಿನ್ನುಗಳಿದ್ದರೆ ತುಕ್ಕು ಹಿಡಿಯುವ ಮೊದಲು ಮೆಲ್ಲಗೆ ತೆಗೆಯಿರಿ. ಮಡಿಕೆ ಬಿಚ್ಚಿ ಮಟ್ಟಸವಾಗಿ ಮಲಗಿಸಿಡಿ. ಕಾಗದ ಕಾಗದಗಳ ನಡುವೆ ಒಳ್ಳೆಯ ಬಿಳಿ ಹಾಳೆ ಇಡಿ, ಸುದ್ದಿಪತ್ರಿಕೆ ಬೇಡ. ನೆಲಕ್ಕೆ, ಗೋಡೆಗೆ ತಾಗದ ಕಪಾಟಿನಲ್ಲಿಟ್ಟರೆ ಗೆದ್ದಲಿನ ಭಯ ಕಡಿಮೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ನೆರಳಿನಲ್ಲಿ ಗಾಳಿಗೆ ಹರವಿ, ಕಾಗದ ತಿನ್ನುವ ಬೆಳ್ಳಿ ಬಣ್ಣದ ಸಣ್ಣ ಹುಳಗಳಿವೆಯೇ ಎಂದು ನೋಡಿ ಮತ್ತೆ ಇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಓದಿಸುವುದು. ಕಾಗದ ಉಳಿದು ಅದನ್ನು ಓದುವವರು ಉಳಿಯದಿದ್ದರೆ ನಮ್ಮ ಗುಲಾಬಿ ಕಾಗದದ ಸ್ಥಿತಿಯೇ ಆಗುತ್ತದೆ. ಬೆಳಗಿನ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಮೊಬೈಲಿನಿಂದ ಫೋಟೋ ತೆಗೆಯಿರಿ. ಅಂಚು, ಅಡಿಯ ಗೆರೆ, ಪ್ರೆಸ್ಸಿನ ಹೆಸರು ಎಲ್ಲ ಬರಲಿ, ಹಿಂಬದಿಯೂ ಬರಲಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಓದಿಸಿ, ಆ ಧ್ವನಿಯನ್ನು ಅದೇ ಮೊಬೈಲಿನಲ್ಲಿ ಹಿಡಿದಿಡಿ. ಯಾರ ಮದುವೆ, ಯಾವ ಊರು, ಬರೆದವರು ಯಾರು, ವಧುವಿನ ಹೆಸರೇನು ಎಂದು ಬೇರೆ ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಜೊತೆಗಿಡಿ. ಫೋಟೋಗಳ ಒಂದು ಪ್ರತಿ ಇನ್ನೊಂದು ಊರಿನ ಬಂಧುವಿನ ಬಳಿ ಇರಲಿ. ಹೀಗೆ ಮಾಡಿಯೂ ಇಡಲು ಜಾಗವಿಲ್ಲ, ನೀರಿಗೇ ಬಿಡುತ್ತೇವೆ ಎನ್ನುವವರು ಬಿಡಲಿ. ಓದಿ ಬಿಡುವುದಕ್ಕೂ ಓದದೆ ಬಿಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಇತ್ತೀಚೆಗೆ ನಮ್ಮ ಬಂಧುಗಳ ಮನೆಯಿಂದ ಒಂದು ಲಗ್ನಪತ್ರಿಕೆ ಬಂತು. ಮಖಮಲ್ಲಿನ ಡಬ್ಬಿ, ಒಳಗೆ ಒಣಹಣ್ಣು, ಅದರ ಮೇಲೆ ಫಳಫಳಿಸುವ ಕಾರ್ಡು. ಅದರ ಖರ್ಚಿನಲ್ಲಿ ಒಬ್ಬ ಬಡ ಹುಡುಗಿಯ ವರ್ಷದ ಶಾಲೆಯ ಪುಸ್ತಕಗಳು ಬರುತ್ತಿದ್ದವೇನೋ. ಒಣಹಣ್ಣು ತಿಂದಾದ ಮೇಲೆ ಮಕ್ಕಳು ಆ ಡಬ್ಬಿಯಲ್ಲಿ ಪೆನ್ಸಿಲ್ ಹಾಕಿಟ್ಟುಕೊಂಡರು. ಕಾರ್ಡಿನಲ್ಲಿ ಅಂಗಡಿಯವರು ಎಲ್ಲರಿಗೂ ಹಾಕಿಕೊಡುವ ನಾಲ್ಕು ಸಾಲುಗಳ ಹೊರತು ಏನೂ ಇರಲಿಲ್ಲ. ಯಾವ ಅಣ್ಣನೂ ಅದರಲ್ಲಿ ತಂಗಿಯ ಹೆಸರನ್ನು ಹೂವಿನೊಳಗೆ ಅಡಗಿಸಿರಲಿಲ್ಲ. ಸರಳವಾದ ನಿಕಾಹ್‌ಗೆ ಸರಳವಾದ ಒಂದು ಕಾಗದ ಸಾಕು. ಮನೆಯವರೇ ಬರೆದ ಎಂಟು ಸಾಲು, ಮನೆಯ ಮಗುವೇ ಬಿಡಿಸಿದ ಒಂದು ಹೂ. ಕನ್ನಡದಲ್ಲೇ ಆಗಲಿ, ದಖ್ಖನಿಯಲ್ಲೇ ಆಗಲಿ. ವಧುವಿನ ಹೆಸರು ಮಾತ್ರ ಈ ಸಲ ಅಡಗಿಸದೆ ಮೇಲೆಯೇ ಇರಲಿ.

ಮುಂದಿನ ತಿಂಗಳು ನಮ್ಮ ಮನೆಯಲ್ಲಿ ಒಂದು ಮದುವೆಯಿದೆ. ದೊಡ್ಡ ಮಾಮೂನ ಮೊಮ್ಮಗಳದು. ಗುಲಾಬಿ ಕಾಗದದ ಆ ನವಿಲು, ಅರ್ಧಚಂದ್ರ, ಹೂಬಳ್ಳಿಯ ಅಂಚನ್ನೇ ತೆಗೆದುಕೊಂಡು ಒಂದು ರುಖ್ಸತಿ ಅಚ್ಚು ಹಾಕಿಸೋಣ ಎಂದು ಮಾಮೂ ತಾವಾಗಿಯೇ ಹೇಳಿದ್ದಾರೆ. ಪದ್ಯ ಬರೆಯುವವರು ಯಾರು ಎಂದು ಕೇಳಿದ್ದಕ್ಕೆ ಎಲ್ಲರೂ ಹುಡುಗಿಯ ಅಣ್ಣನ ಕಡೆ ನೋಡಿದರು. ಪಾಪ, ಅವನು ಕಂಪ್ಯೂಟರ್ ಇಂಜಿನಿಯರ್. ಮೂರು ದಿನದಿಂದ ಪ್ರಾಸ ಹುಡುಕುತ್ತಾ ಕುಳಿತಿದ್ದಾನೆ.

ಸಹೋದರಿಯರೇ, ನಿಮ್ಮ ಮನೆಯ ಮಂಚದ ಕೆಳಗೂ ಒಂದು ಟ್ರಂಕು ಇರಬಹುದು. ಗೋಣಿಚೀಲ ತರುವ ಮೊದಲು ಒಮ್ಮೆ ತೆಗೆದು ನೋಡಿ.